ಕಡಲ ದಾರಿಯ ಸಹಯಾತ್ರಿಕರು



ಕೊಳ್ಳೇಗಾಲದಿಂದ ಹೊರಟು, ಹನೂರನ್ನು ದಾಟಿ, ಕೌದಳ್ಳಿಯ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಸಾಗುವ ಭಕ್ತಸಮೂಹವನ್ನು ಶಿವರಾತ್ರಿ, ಯುಗಾದಿ, ದೀಪಾವಳಿಗಳ ಸಮಯದಲ್ಲಿ ನಾವೆಲ್ಲರೂ ಕಂಡಿದ್ದೇವೆ. ಅವರಲ್ಲಿ ಒಂಟಿಯಾಗಿ ನಡೆಯುವವರು ವಿರಳ. ಮುಂದೆ ಕಾಡಿದೆ, ಆನೆಗಳ ಸಂಚಾರವಿದೆ, ತಾಳುಬೆಟ್ಟದಿಂದಾಚೆ ಏರುದಾರಿಯಿದೆ. ಆದುದರಿಂದ ಒಂದೊಂದು ಊರಿನವರು ಒಂದೊಂದು ತಂಡವಾಗಿ, ವೃದ್ಧರ ನಡಿಗೆಗೆ ತಮ್ಮ ನಡಿಗೆಯನ್ನು ಹೊಂದಿಸಿಕೊಂಡು ಸಾಗುತ್ತಾರೆ. ಇದೇ ಕ್ರಮವನ್ನು ನಾಡಿನ ಇನ್ನೊಂದು ಅಂಚಿನಲ್ಲಿ, ಅರಬ್ಬೀ ಸಮುದ್ರದ ಮೇಲೆ, ಹಾಯಿದೋಣಿಗಳವರೂ ಶತಮಾನಗಳ ಕಾಲ ಪಾಲಿಸಿದ್ದರು. ಈ ತಿಂಗಳು ಆ ಕಡಲ ದಾರಿಯ ವಿಚಾರವನ್ನು ಓದುಗರ ಮುಂದಿಡಬಯಸುತ್ತೇವೆ.

ನಮ್ಮ ಸೀಮೆಯ ಉಡುತೊರೆಹಳ್ಳ ಕಾವೇರಿಯನ್ನು ಸೇರುತ್ತದೆ. ಕಾವೇರಿ ಪೂರ್ವದ ಕಡಲನ್ನು ಸೇರುತ್ತಾಳೆ. ಹೀಗಾಗಿ ಪಶ್ಚಿಮ ಕರಾವಳಿ ನಮಗೆ ದೂರದ ಮಾತೆಂದು ತೋರಬಹುದು. ಆದರೆ ವೀರಶೈವ ಅರಸು ಮನೆತನವಾದ ಕೆಳದಿಯ ನಾಯಕರ ಇತಿಹಾಸವನ್ನು ಓದಿದವರಿಗೆ ಆ ಕಡಲು ಪರಕೀಯವಲ್ಲ. ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಬಸರೂರು, ಮಂಗಳೂರು ಮೊದಲಾದ ರೇವುಗಳ ಮೂಲಕವೇ ಅವರ ರಾಜ್ಯದ ಅಕ್ಕಿಯೂ ಮೆಣಸೂ ಹೊರನಾಡುಗಳಿಗೆ ಹೋಗುತ್ತಿದ್ದವು. ದಕ್ಷಿಣದಲ್ಲಿ ಬೇಕಲದ ಕೋಟೆ, ಹೊನ್ನಾವರದ ಎದುರಿನ ದ್ವೀಪದಲ್ಲಿ ಬಸವರಾಜದುರ್ಗ ಇಂದಿಗೂ ಅವರ ನೆನಪನ್ನು ಉಳಿಸಿಕೊಂಡಿವೆ.

ಹಾಯಿದೋಣಿಯ ಪ್ರಯಾಣವು ಗಾಳಿಯ ಕೃಪೆಯನ್ನು ಅವಲಂಬಿಸಿದುದು. ಮುಂಗಾರಿನ ತಿಂಗಳುಗಳಲ್ಲಿ ಸಮುದ್ರ ಉಗ್ರವಾಗಿರುವುದರಿಂದ ದೋಣಿಗಳನ್ನು ದಡಕ್ಕೆಳೆದು ಕಟ್ಟಿಡುತ್ತಿದ್ದರು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಸಂಚಾರ ಆರಂಭವಾಗುತ್ತಿತ್ತು. ಆಗಿನ ಗಾಳಿಗೊಂದು ದಿನಚರಿಯುಂಟು. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಜಾವದವರೆಗೆ ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತದೆ. ಹಗಲು ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಕಡಲ ಕಡೆಯಿಂದ ನೆಲಕ್ಕೆ ಬೀಸುತ್ತದೆ. ನಸುಕಿನಲ್ಲಿ ನೆಲಗಾಳಿಯನ್ನು ಹಿಡಿದು ರೇವಿನಿಂದ ಹೊರಬೀಳುವುದು, ಮಧ್ಯಾಹ್ನದ ಕಡಲಗಾಳಿಗೆ ಹಾಯಿಯನ್ನು ತಿರುಗಿಸಿ ದಡದ ಗುಂಟ ದಕ್ಷಿಣಕ್ಕೆ ಇಳಿಯುವುದು, ಸಂಜೆ ಯಾವುದಾದರೂ ಹೊಳೆಯ ಬಾಯಲ್ಲಿ ಲಂಗರು ಹಾಕುವುದು, ಇದು ಕ್ರಮ. ಆ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುವುದರಿಂದ ದಕ್ಷಿಣಕ್ಕೆ ಇಳಿಯುವುದು ಸುಲಭ, ಉತ್ತರಕ್ಕೆ ಮರಳುವುದು ಪ್ರಯಾಸ. ಕಾರವಾರದ ಕಾಳಿ, ತದಡಿಯ ಅಘನಾಶಿನಿ, ಹೊನ್ನಾವರದ ಶರಾವತಿ, ಮಂಗಳೂರಿನ ನೇತ್ರಾವತಿ ಮುಂತಾದ ನದಿಗಳ ಮುಖಗಳೇ ತಂಗುದಾಣಗಳು. ಅಲ್ಲಿಯೂ ಅಪಾಯವುಂಟು. ಅಳಿವೆಗೆ ಅಡ್ಡಲಾಗಿ ಮರಳಿನ ದಿಬ್ಬ ಬೆಳೆದಿರುತ್ತದೆ. ನೀರಿನ ಉಬ್ಬರವನ್ನು ಕಾದು, ಆಳವನ್ನು ಬಲ್ಲವನ ದೋಣಿಯನ್ನು ಮುಂದಿಟ್ಟುಕೊಂಡು, ಉಳಿದವರು ಅದರ ಹಿಂದೆ ಒಳಸೇರಬೇಕು. ಒಬ್ಬನ ಅನುಭವವು ಎಲ್ಲರ ರಕ್ಷೆಯಾಗುತ್ತಿದ್ದ ಸ್ಥಳವದು.

ಪ್ರಕೃತಿಯ ಭಯದೊಂದಿಗೆ ಕಡಲ್ಗಳ್ಳರ ಭಯವೂ ಇತ್ತು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಕೆನರಾ ರೇವುಗಳಿಂದ ಗೋವೆಗೆ ಅಕ್ಕಿ ಒಯ್ಯುವ ಹಡಗುಗಳು ಕಾವಲಿನ ದೋಣಿಗಳೊಡನೆ ಗುಂಪಾಗಿ ಚಲಿಸುತ್ತಿದ್ದವು. ಆ ಗುಂಪಿಗೆ ‘ಕಾಫಿಲಾ’ ಎಂಬ ಹೆಸರಿತ್ತು. ಈ ಪದ ಅರಬ್ಬೀ ಭಾಷೆಯದು. ಮರುಭೂಮಿಯಲ್ಲಿ ಒಂಟೆಗಳೊಡನೆ ಒಟ್ಟಾಗಿ ಸಾಗುವ ವರ್ತಕರ ತಂಡವೇ ಅದರ ಅರ್ಥ. ನೆಲದ ಮೇಲಿನ ಸಹಯಾತ್ರೆಗೂ ನೀರಿನ ಮೇಲಿನ ಸಹಯಾತ್ರೆಗೂ ಜನರು ಒಂದೇ ಹೆಸರನ್ನಿಟ್ಟರೆಂಬುದನ್ನು ಗಮನಿಸಬೇಕು.

1623ರಲ್ಲಿ ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಸಂಗಡ ಸಮುದ್ರಮಾರ್ಗವಾಗಿ ಹೊನ್ನಾವರಕ್ಕೆ ಇಳಿದನು. ಅಲ್ಲಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ, ಘಟ್ಟ ಹತ್ತಿ ವೆಂಕಟಪ್ಪ ನಾಯಕನ ರಾಜಧಾನಿಯಾದ ಇಕ್ಕೇರಿಗೆ ತಲುಪಿದನು. ದಾರಿಯಲ್ಲಿ ಗುಡಿಯೊಂದರ ಮುಖಮಂಟಪದಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಬರೆದು ಕಲಿಯುತ್ತಿದ್ದುದನ್ನು ಅವನು ಮೆಚ್ಚಿಗೆಯಿಂದ ಬರೆದಿಟ್ಟಿದ್ದಾನೆ. ಕಡಲಿನಿಂದ ಬಂದ ಅಪರಿಚಿತನ ಕಣ್ಣಿಗೆ ನಮ್ಮ ನಾಡಿನ ವಿದ್ಯೆ ಹೀಗೆ ಬಿದ್ದಿತು. ಮುಂದೆ ಶಿವಪ್ಪ ನಾಯಕನು 1652ರಿಂದ 1654ರ ಅವಧಿಯಲ್ಲಿ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡನು. ಘಟ್ಟದ ಮೇಲೆ ಕುಳಿತು ಆಳಿದವರೂ ಕಡಲ ದಾರಿಯ ಮಹತ್ವವನ್ನು ಅರಿತಿದ್ದರು.

ಇಂತಹ ಪ್ರಯಾಣದಲ್ಲಿ ವೇಗವನ್ನು ನಿರ್ಧರಿಸುವುದು ಅತಿ ನಿಧಾನದ ದೋಣಿ. ಹಗುರವಾದ ಮಚವೆಗೆ ಮುಂದೋಡುವ ಶಕ್ತಿಯಿದ್ದರೂ, ಸರಕು ತುಂಬಿ ಭಾರವಾದ ಪತ್ತೇಮಾರಿಗಾಗಿ ಅದು ಹಾಯಿಯನ್ನು ಇಳಿಸಿ ಕಾಯಬೇಕು. ಕಾಯದೆ ಹೋದರೆ ತಂಡ ಒಡೆಯಿತು. ತಂಡ ಒಡೆದರೆ ಮುಂದಿನವನಿಗೂ ರಕ್ಷಣೆಯಿಲ್ಲ, ಹಿಂದಿನವನಿಗೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವುದನ್ನೇ ಕಾಯಕವಾಗಿಸಿಕೊಂಡಿದ್ದ ಅಂಬಿಗರ ಚೌಡಯ್ಯನವರು ಶರಣರ ಸಾಲಿನಲ್ಲಿ ಸಮಾನ ಗೌರವ ಪಡೆದರು. ತಮ್ಮ ಹೆಸರನ್ನೇ ವಚನಗಳ ಅಂಕಿತವಾಗಿಸಿಕೊಂಡ ದಿಟ್ಟರು ಅವರು. ಜನರನ್ನು ದಡ ಮುಟ್ಟಿಸುವ ವೃತ್ತಿಯನ್ನು ಕೀಳೆಂದು ಕಾಣದ ಪರಂಪರೆ ನಮ್ಮದೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ.

ಯಂತ್ರಗಳು ಬಂದ ಮೇಲೆ ಗಾಳಿಯ ಹಂಗು ತಪ್ಪಿತು. ಸಂಗಾತಿಗಳ ಹಂಗು ಮಾತ್ರ ತಪ್ಪಲಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕಾ ದೋಣಿ ಏಳು ಜನರೊಡನೆ ಸಂಪರ್ಕ ಕಳೆದುಕೊಂಡಿತು. ಅವರನ್ನು ಹುಡುಕಿಸಬೇಕೆಂದು 2019ರ ಜನವರಿಯಲ್ಲಿ ಉಡುಪಿಯಲ್ಲಿ ಬೀದಿಗಿಳಿದವರು ಸಹವೃತ್ತಿಯ ಮೀನುಗಾರರೇ. ಅದೇ ವರ್ಷದ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ನೌಕಾಪಡೆಯವರು ಆ ದೋಣಿಯ ಅವಶೇಷವನ್ನು ಪತ್ತೆಹಚ್ಚಿದರು. ಏಳು ಮನೆಗಳ ದೀಪ ನಂದಿತು. ಹೋದವರನ್ನು ಮರಳಿ ತರಲಾಗಲಿಲ್ಲ. ಆದರೆ ‘ನಮ್ಮವರು ಎಲ್ಲಿ?’ ಎಂದು ಕೇಳುವವರು ಇದ್ದರು. ಮನುಷ್ಯನಿಗೆ ಅಷ್ಟಾದರೂ ಇರಬೇಕು.

ಹಾಯಿಯ ವಿದ್ಯೆ ಪೂರ್ಣವಾಗಿ ಅಳಿದಿಲ್ಲವೆಂಬುದು ಸಂತೋಷದ ಸಂಗತಿ. ಅಜಂತೆಯ ಚಿತ್ರವೊಂದನ್ನು ಆಧರಿಸಿ, ಮೊಳೆ ಬಡಿಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲಿರುವುದು ನಮ್ಮ ನಾಡಿನ ಲಾಂಛನವೂ ಆದ ಗಂಡಭೇರುಂಡ. ಅದೇ ವರ್ಷದ ಡಿಸೆಂಬರಿನಲ್ಲಿ ಪೋರಬಂದರಿನಿಂದ ಹೊರಟು, 2026ರ ಜನವರಿಯಲ್ಲಿ ಅದು ಮಸ್ಕತ್ ತಲುಪಿತು. ಒಂದೊಂದು ಹಲಗೆಯೂ ಪಕ್ಕದ ಹಲಗೆಗೆ ಹೊಲಿಗೆಯಿಂದ ಬಿಗಿದುಕೊಂಡಿರುವುದೇ ಆ ಹಡಗಿನ ಬಲ.

ಇಂದು ನಮ್ಮ ಕುಟುಂಬಗಳಲ್ಲಿ ಮಕ್ಕಳು ಬೆಂಗಳೂರಿಗೂ ಹೊರದೇಶಗಳಿಗೂ ಹೋಗಿ ನೆಲೆಸುತ್ತಿದ್ದಾರೆ. ಹಗುರವಾದ ದೋಣಿ ಮುಂದೆ ಸಾಗುವುದು ಸಹಜ; ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಊರಿನಲ್ಲಿ ವೃದ್ಧ ತಂದೆತಾಯಿಗಳು, ಬೇಸಾಯದ ಭಾರ ಹೊತ್ತ ಅಣ್ಣತಮ್ಮಂದಿರು, ಓದನ್ನು ಅರ್ಧಕ್ಕೆ ಬಿಟ್ಟ ನೆಂಟರ ಮಕ್ಕಳು ಹಿಂದೆ ಉಳಿದಿದ್ದಾರೆ. ತಿಂಗಳಿಗೊಮ್ಮೆ ಹಣ ಕಳುಹಿಸಿದ ಮಾತ್ರಕ್ಕೆ ಸಹಯಾತ್ರೆಯಾಗದು. ಮುಂದಿನವರು ಆಗಾಗ ಹಾಯಿ ಇಳಿಸಿ, ಹಿಂತಿರುಗಿ ನೋಡಿ, ಹಿಂದಿನ ದೋಣಿ ಕಣ್ಣಿಗೆ ಬೀಳುವವರೆಗೆ ಕಾಯಬೇಕು. ಹಿಂದಿರುವವರೂ ಮುಂದೆ ಹೋದವರನ್ನು ಹಳಿಯದೆ, ತಮ್ಮ ಕಷ್ಟವನ್ನು ಮುಚ್ಚಿಡದೆ ಕೂಗಿ ತಿಳಿಸಬೇಕು.

ಈ ಬೇಸಿಗೆಯ ರಜೆಯಲ್ಲಿ ಅನುಕೂಲವಿದ್ದವರು ಮಕ್ಕಳನ್ನು ಹೊನ್ನಾವರದ ಕಡಲ ತೀರಕ್ಕೆ ಕರೆದೊಯ್ದು ಶರಾವತಿಯ ಅಳಿವೆಯನ್ನೂ ಬಸವರಾಜದುರ್ಗವನ್ನೂ ತೋರಿಸಲಿ. ಹೊರಡುವಾಗ ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಲಿ.