ಪೈಪ್ ಸಿಗುತ್ತೆ, ಕಾಗದ ಸಿಗಲ್ಲ

ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಕಾರು ಕಟ್ಟುತ್ತಿರುವ ಹುಡುಗರು ಸಿಕ್ಕಾಗಲೆಲ್ಲ ನನ್ನನ್ನು ಕೇಳೋದು ಇದನ್ನೇ: "ಅಣ್ಣಾ, ಫ್ರೇಮಿಗೆ 4130 ಕ್ರೋಮೋಲಿ ಇಲ್ದೆ ಆಗಲ್ವಾ?" ಕಾಲೇಜು ಪೂರ್ತಿ ದುಡ್ಡು ಕೊಡಲ್ಲ, ಮನೇಲಿ ಕೇಳೋಕೆ ಮುಖ ಇಲ್ಲ.

ಆಗುತ್ತೆ. ಲೆಕ್ಕ ನೋಡಿ. ನಿಯಮದ ಮೂಲ ಪೈಪ್ 25 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪ, ಇಂಗಾಲ ಕನಿಷ್ಠ 0.18%. ಮೀಟರಿಗೆ ಸುಮಾರು 1.63 ಕೆ.ಜಿ. ಬೇರೆ ಅಳತೆಯ ಪೈಪ್ ಹಾಕೋದಾದ್ರೆ, ಬಾಗಿಸಿದಾಗಿನ ಬಿಗಿತ ಮತ್ತು ಬಲ ಎರಡರಲ್ಲೂ ಅದು 1018 ಉಕ್ಕಿನ ಈ ಪೈಪಿಗಿಂತ ಕಮ್ಮಿ ಇಲ್ಲ ಅಂತ ತೋರಿಸಬೇಕು. ಬಿಗಿತದಲ್ಲಿ ಕ್ರೋಮೋಲಿಗೂ ಸಾದಾ ಉಕ್ಕಿಗೂ ವ್ಯತ್ಯಾಸವೇ ಇಲ್ಲ, ಅದು ಹೆಚ್ಚೋದು ವ್ಯಾಸದಿಂದ. ಅದೇ 1018ರಲ್ಲಿ 31.75 ಮಿ.ಮೀ. ವ್ಯಾಸ, 1.65 ಮಿ.ಮೀ. ದಪ್ಪದ ಪೈಪ್ ಎರಡರಲ್ಲೂ ಪಾಸು, ತೂಕ ಮೀಟರಿಗೆ 1.22 ಕೆ.ಜಿ. ಕ್ರೋಮೋಲಿಯಲ್ಲಾದರೆ 29.2 ಮಿ.ಮೀ. ವ್ಯಾಸ ಸಾಕು, ತೂಕ 1.12. ಅಂದ್ರೆ 30 ಮೀಟರ್ ಪೈಪಿಗೆ ವ್ಯಾಸ ಬದಲಿಸಿ ಉಳಿಸಿದ್ದು 12 ಕೆ.ಜಿ., ಕ್ರೋಮೋಲಿ ಅದರ ಮೇಲೆ ಉಳಿಸೋದು ಬರೀ 3. ಡ್ರೈವರ್ ಒಂದು ತಿಂಗಳು ಪರೋಟ ಬಿಟ್ರೆ ಅಷ್ಟು ಇಳೀತಾನೆ.

ಹಾಗಾದ್ರೆ ದುಡ್ಡಿರುವ ತಂಡಗಳು ಕ್ರೋಮೋಲಿ ಹಿಂದೆ ಯಾಕೆ ಬೀಳ್ತಾವೆ? ನನ್ನ ಪ್ರಕಾರ ಅವರು ಅರ್ಧ ದುಡ್ಡು ಕೊಡೋದು ಅದರ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟಿಗೆ. ನಾವು ವಿದ್ಯಾರ್ಥಿಗಳಾಗಿದ್ದಾಗ ಅಂಗಡಿಯವನ ಬಾಯಿಮಾತು ನಂಬಿ "1018" ತಂದೆವು. ಬಿಲ್ಲಿನಲ್ಲೂ ಹಾಗೇ ಬರೆದಿತ್ತು. ವೆಲ್ಡಿಂಗ್ ಮುಗಿದ ಮೇಲೆ ಉಳಿದ ತುಂಡನ್ನು ಲ್ಯಾಬಿಗೆ ಕೊಟ್ಟರೆ ಇಂಗಾಲ 0.09%. ಕುರ್ಚಿ-ಮೇಜಿಗೆ ಆಗುವ ಮಾಲು! ಕಾರು ಪಲ್ಟಿಯಾದರೆ ಡ್ರೈವರ್ ತಲೆ ಮೇಲಿರೋದು ಅದೇ ಪೈಪು. ಫ್ರೇಮ್ ಗುಜರಿಗೆ ಹೋಯ್ತು. ಅದರ ಫೋಟೋ ಮಾತ್ರ ಮರುವರ್ಷದ ಅಡ್ಮಿಷನ್ ಬ್ರೋಷರ್‌ನಲ್ಲಿತ್ತು.

ಟನ್‌ಗಟ್ಟಲೆ ಕೊಳ್ಳುವ ಫ್ಯಾಕ್ಟರಿಗೆ ಮಿಲ್ಲಿನ ಕಾಗದ ಸುಲಭವಾಗಿ ಸಿಗುತ್ತೆ, 40 ಮೀಟರ್ ಕೊಳ್ಳುವ ಹುಡುಗರಿಗೆ ಬೈಗುಳ. ನಿಯಮ ಎಲ್ಲರಿಗೂ ಒಂದೇ, ಸಾಬೀತು ಮಾಡುವ ಖರ್ಚು ಒಂದೇ ಅಲ್ಲ. 2015ರಿಂದ ಸ್ಕಿಲ್ ಇಂಡಿಯಾ ಭಾಷಣ ಕೇಳ್ತಾನೇ ಇದ್ದೀವಿ. ವಿಟಿಯು ತನ್ನ ಕಾಲೇಜುಗಳ ತಂಡಗಳಿಗೆಲ್ಲ ಸೇರಿಸಿ ಒಂದೇ ಲಾಟ್ ಖರೀದಿಸಿ, ಒಮ್ಮೆ ಪರೀಕ್ಷೆ ಮಾಡಿಸಿ ಹಂಚಿದರೆ ಎಷ್ಟಾದೀತು? ಒಂದು ಘಟಿಕೋತ್ಸವದ ಶಾಮಿಯಾನಾ ಖರ್ಚು ಸಾಕೇನೋ.

ಅಲ್ಲಿವರೆಗೆ ಹುಡುಗರಿಗೆ ಹೇಳೋದಿಷ್ಟೇ: ಒಂದು ತುಂಡು ಮೊದಲು ಲ್ಯಾಬಿಗೆ ಕೊಡಿ. ವರದಿ ಸರಿಯಿದ್ದರೆ ಮಾತ್ರ ಅದೇ ಲಾಟ್‌ನ ಉಳಿದ ಪೈಪ್ ತನ್ನಿ.