ತಲೆ ಎಣಿಸುವುದು ಕುರ್ಚಿಗೆ ಮಾತ್ರವೇ?

ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ಎರಡು ಹೊಸ ಕ್ಯಾನು ಕೊಳ್ಳಬೇಕಾದರೂ ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಯಾರು ಬೇಡವೆಂದರು, ಎಲ್ಲಕ್ಕೂ ಹೆಸರಿರುತ್ತದೆ, ಕೆಳಗೆ ಸಹಿ ಇರುತ್ತದೆ. ಆದರೆ ನಮ್ಮ ಹೊಲವನ್ನು ಯಾರು ಕೊಳ್ಳಬಹುದು, ನಮ್ಮ ಮಾಲನ್ನು ಎಲ್ಲಿ ತೂಗಬಹುದು ಎಂದು ತೀರ್ಮಾನಿಸುವ ವಿಧಾನಸಭೆಯಲ್ಲಿ ನಮ್ಮ ಶಾಸಕರು ಪರವೋ ವಿರೋಧವೋ ಎಂಬುದಕ್ಕೆ ಎಷ್ಟೋ ಸಲ ಹೆಸರಿನ ದಾಖಲೆಯೇ ಇರುವುದಿಲ್ಲ. ಮಾತು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿದರೆ, 2018ರಿಂದ 2023ರವರೆಗಿನ ನಮ್ಮ 15ನೇ ವಿಧಾನಸಭೆಯ ಐದು ವರ್ಷವನ್ನು ಒಮ್ಮೆ ಮಗುಚಿ ನೋಡೋಣ.

ಒಂಬತ್ತಕ್ಕೊಂದು ಸ್ಥಾನ

2018ರ ಮೇ 12ಕ್ಕೆ ಮತದಾನ, 15ಕ್ಕೆ ಎಣಿಕೆ. ಅವತ್ತು ಫಲಿತಾಂಶ ಬಂದದ್ದು 222 ಸ್ಥಾನಕ್ಕೆ. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಉಳಿದವರು 3. ಯಾರಿಗೂ ಬಹುಮತ ಇಲ್ಲ. 17ನೇ ತಾರೀಕು ಯಡಿಯೂರಪ್ಪನವರು ಪ್ರಮಾಣವಚನ ತೆಗೆದುಕೊಂಡರು, 19ಕ್ಕೆ ರಾಜೀನಾಮೆ ಕೊಟ್ಟರು. 23ಕ್ಕೆ ಕುಮಾರಸ್ವಾಮಿಯವರು ಬಂದರು. 2019ರ ಜುಲೈ 26ಕ್ಕೆ ಮತ್ತೆ ಯಡಿಯೂರಪ್ಪನವರು. 2021ರ ಜುಲೈ 28ಕ್ಕೆ ಬಸವರಾಜ ಬೊಮ್ಮಾಯಿಯವರು. ಐದು ವರ್ಷಕ್ಕೆ ಮೂವರು ಮುಖ್ಯಮಂತ್ರಿಗಳು, ನಾಲ್ಕು ಪ್ರಮಾಣವಚನ.

ಇನ್ನು ಸದಸ್ಯರ ಲೆಕ್ಕ. ಈ ಅವಧಿಯಲ್ಲಿ 25 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಇದರಲ್ಲಿ ಸದಸ್ಯರು ತೀರಿಕೊಂಡು ತೆರವಾದವು ಆರು: ಜಮಖಂಡಿ, ಕುಂದಗೋಳ, ಶಿರಾ, ಬಸವಕಲ್ಯಾಣ, ಸಿಂದಗಿ, ಹಾನಗಲ್. ಸಾವು ಯಾರ ಕೈಲೂ ಇಲ್ಲ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಎರಡು ಕಡೆ ಗೆದ್ದ ಕುಮಾರಸ್ವಾಮಿಯವರು ಬಿಟ್ಟುಕೊಟ್ಟದ್ದು ರಾಮನಗರ. ಚಿಂಚೋಳಿಯ ಶಾಸಕರು ರಾಜೀನಾಮೆ ಕೊಟ್ಟು ಪಕ್ಷ ಬದಲಿಸಿ ಲೋಕಸಭೆಗೆ ಹೋದರು. ಉಳಿದ 17 ಕ್ಷೇತ್ರಗಳು 2019ರ ಜುಲೈ ತಿಂಗಳ ರಾಜೀನಾಮೆ ಮತ್ತು ಅನರ್ಹತೆಯಿಂದ ಖಾಲಿಯಾದವು. 224ರಲ್ಲಿ 25 ಎಂದರೆ ಹತ್ತಿರ ಹತ್ತಿರ ಒಂಬತ್ತಕ್ಕೊಂದು ಸ್ಥಾನ. ಒಂಬತ್ತು ಸಾಲು ನಾಟಿ ಮಾಡಿ ಒಂದು ಸಾಲು ಪೂರ್ತಿ ಕಿತ್ತು ಮತ್ತೆ ನೆಟ್ಟಂತೆ.

ನಮ್ಮ ದಾವಣಗೆರೆ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಈ ಗಾಳಿ ಬೀಸಲಿಲ್ಲ. ಹರಿಹರ, ಜಗಳೂರು, ಮಾಯಕೊಂಡ, ಚನ್ನಗಿರಿ, ಹೊನ್ನಾಳಿ, ದಾವಣಗೆರೆಯ ಎರಡು, ಎಲ್ಲೂ ಉಪಚುನಾವಣೆ ಆಗಲಿಲ್ಲ. ಆದರೆ ಹರಿಹರದ ಸೇತುವೆ ದಾಟಿ ತುಂಗಭದ್ರೆಯ ಆಚೆ ದಡಕ್ಕೆ ಹೋಗಿ ನೋಡಿ. ಹಾವೇರಿ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ ಮೂರಕ್ಕೆ ನಡುವೆಯೇ ಮತ್ತೊಮ್ಮೆ ಚುನಾವಣೆ: ರಾಣೆಬೆನ್ನೂರು, ಹಿರೇಕೆರೂರು, ಹಾನಗಲ್. ರಾಣೆಬೆನ್ನೂರಿನ ಆರ್. ಶಂಕರ್ ಅನರ್ಹರಾದರು, ಡಿಸೆಂಬರ್ ಉಪಚುನಾವಣೆಯಲ್ಲಿ ಅಲ್ಲಿ ಬೇರೆಯವರು ಗೆದ್ದರು. ಹಿರೇಕೆರೂರಿನ ಬಿ.ಸಿ. ಪಾಟೀಲರು ಕಾಂಗ್ರೆಸ್ಸಿನಿಂದ ಗೆದ್ದಿದ್ದವರು, ಬಿಜೆಪಿಯಿಂದ ನಿಂತು ಮತ್ತೆ ಗೆದ್ದು 2020ರಲ್ಲಿ ಕೃಷಿ ಮಂತ್ರಿಯೇ ಆದರು. ಹೊಳೆ ಒಂದೇ, ಬೆಳೆಯೂ ಒಂದೇ. ನಾವು ಮೆಕ್ಕೆಜೋಳ ಅಂತೀವಿ, ಅವರು ಗೋವಿನಜೋಳ ಅಂತಾರೆ, ಅಷ್ಟೇ.

ಸದಸ್ಯರು ಹೀಗೆ ಬದಲಾದದ್ದು ಸರಿಯೋ ತಪ್ಪೋ ಎಂಬ ಜಗಳ ಬೇಕಾದಷ್ಟು ಆಗಿದೆ. ಸುಪ್ರೀಂ ಕೋರ್ಟು 2019ರ ನವೆಂಬರ್ 13ಕ್ಕೆ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್ 5ರಂದು 15 ಕ್ಷೇತ್ರಕ್ಕೆ ಮತದಾನವಾಗಿ ಬಿಜೆಪಿ 12 ಗೆದ್ದಿತು. ಹುಣಸೂರು, ಹೊಸಕೋಟೆಯ ಜನ, ಆಮೇಲೆ 2021ರಲ್ಲಿ ಮಸ್ಕಿಯ ಜನ, ಪಕ್ಷ ಬಿಟ್ಟವರನ್ನು ಸೋಲಿಸಿದರು. ಅಂದರೆ ಒಪ್ಪಿದವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಯಾರು ಬಿಟ್ಟರು, ಯಾವಾಗ ಬಿಟ್ಟರು ಎಂಬುದು ಕಣ್ಣಿಗೆ ಕಾಣುತ್ತಿತ್ತು. ಕಂಡದ್ದರಿಂದಲೇ ಮತದಾರ ತೀರ್ಪು ಕೊಟ್ಟ. ಈ ಮಾತು ನೆನಪಿರಲಿ.

ಎಡೆ ಹೊಡೆಯುವ ಕಾಲದಲ್ಲಿ

2019ರ ಜುಲೈ ತಿಂಗಳು. ಮೆಕ್ಕೆಜೋಳಕ್ಕೆ ಎಡೆ ಹೊಡೆದು ಮೇಲುಗೊಬ್ಬರ ಕೊಡುವ ಹೊತ್ತು, ಭದ್ರಾ ನಾಲೆಯ ಕೊನೆಭಾಗದವರು ನೀರು ಯಾವಾಗ ಬಿಡ್ತಾರೋ ಎಂದು ಡ್ಯಾಮಿನ ಮಟ್ಟ ಕೇಳುವ ಹೊತ್ತು. ಆ ಹೊತ್ತಲ್ಲಿ ಒಂದಷ್ಟು ಶಾಸಕರು ಮುಂಬಯಿಯ ಹೋಟೆಲಿನಲ್ಲಿ, ಇನ್ನೊಂದಷ್ಟು ಜನ ಬೆಂಗಳೂರು ಸುತ್ತಿನ ರೆಸಾರ್ಟುಗಳಲ್ಲಿ. 18ಕ್ಕೆ ಶುರುವಾದ ವಿಶ್ವಾಸಮತದ ಚರ್ಚೆ ನಾಲ್ಕು ದಿನ ಎಳೆದು 23ರ ಸಂಜೆ ಮುಗಿಯಿತು. ಆಮೇಲೆ ಸಭಾಧ್ಯಕ್ಷ ರಮೇಶ್ ಕುಮಾರ್ ಅವರು ಸದಸ್ಯರನ್ನು ಸಾಲುಸಾಲಾಗಿ ನಿಲ್ಲಿಸಿ ಎಣಿಸಿದರು. ಸರಕಾರದ ಪರ 99, ವಿರೋಧ 105. ಇಡೀ ರಾಜ್ಯ ಟಿವಿ ಮುಂದೆ ಕೂತು ನೋಡಿತು. ಒಂದು ತಲೆಯೂ ಲೆಕ್ಕ ತಪ್ಪಲಿಲ್ಲ.

ಹೊಸ ಮುಖ್ಯಮಂತ್ರಿ ಜುಲೈ 26ಕ್ಕೆ ಬಂದರೂ ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ನಡುವೆ ಆಗಸ್ಟ್ ಮೊದಲ ವಾರದಲ್ಲೇ ಕೃಷ್ಣೆ, ಮಲಪ್ರಭೆ, ತುಂಗಭದ್ರೆ ಉಕ್ಕಿ ಹರಿದವು. ಕಂದಾಯಕ್ಕೂ ಮಂತ್ರಿ ಇಲ್ಲ, ಕೃಷಿಗೂ ಇಲ್ಲ. ಎಲ್ಲ ಖಾತೆಗೂ ಒಬ್ಬರೇ ಮುಖ್ಯಮಂತ್ರಿ ಓಡಾಡಬೇಕಾಯಿತು. ಸ್ಥಾನ ಬದಲಾಟದ ಖರ್ಚು ಚುನಾವಣಾ ಆಯೋಗದ ಬಿಲ್ಲಿನಲ್ಲಿ ಮಾತ್ರ ಇರುವುದಿಲ್ಲ, ಹೀಗೆ ಹೊಳೆದಂಡೆಯ ಹೊಲದಲ್ಲೂ ಬೀಳುತ್ತದೆ.

ಸಾಲಮನ್ನಾದ ಕಥೆಯೂ ಹಾಗೇ. 2018ರ ಜುಲೈ 5ರ ಬಜೆಟ್ಟಿನಲ್ಲಿ 34,000 ಕೋಟಿ ರೂಪಾಯಿಯ ಬೆಳೆಸಾಲ ಮನ್ನಾ ಘೋಷಣೆಯಾಯಿತು, ಕುಟುಂಬಕ್ಕೆ 2 ಲಕ್ಷದ ಮಿತಿ. ಆಧಾರು, ರೇಷನ್ ಕಾರ್ಡು, ಪಹಣಿ ಹಿಡಿದು ಬ್ಯಾಂಕಿಗೂ ಸೊಸೈಟಿಗೂ ಅಲೆದವರು ಎಷ್ಟು ಜನ! ಘೋಷಿಸಿದ ಸರಕಾರ ಹದಿನಾಲ್ಕು ತಿಂಗಳಿಗೆ ಹೋಯಿತು. ಪಟ್ಟಿಯಲ್ಲಿ ಹೆಸರು ಬಾರದವನು ಹಳೆಯವರನ್ನು ಕೇಳಿದರೆ 'ಈಗ ನಮ್ಮ ಕೈಲಿಲ್ಲಪ್ಪಾ', ಹೊಸಬರನ್ನು ಕೇಳಿದರೆ 'ಅದು ಅವರ ಕಾಲದ್ದು ಕಣಪ್ಪಾ'.

'ಹೌದು ಎನ್ನುವವರು ಹೌದು ಎನ್ನಿ'

ಈಗ ಮುಖ್ಯ ವಿಷಯಕ್ಕೆ ಬರೋಣ. ಕೊರೋನಾ ನಡುವೆ 2020ರ ಮೇ ತಿಂಗಳಲ್ಲಿ ಎಪಿಎಂಸಿ ಕಾಯ್ದೆಗೆ ಸುಗ್ರೀವಾಜ್ಞೆಯ ತಿದ್ದುಪಡಿ ಬಂತು. 1966ರ ಕಾಯ್ದೆಯಲ್ಲಿ ಮಾರುಕಟ್ಟೆ ಸಮಿತಿಗೆ ಪ್ರಾಂಗಣದ ಹೊರಗಿನ ವ್ಯಾಪಾರದ ಮೇಲೂ ಇದ್ದ ಹಿಡಿತ ಹೋಯಿತು. ಜುಲೈನಲ್ಲಿ ಭೂಸುಧಾರಣಾ ಕಾಯ್ದೆಗೆ ಸುಗ್ರೀವಾಜ್ಞೆ. 79ಎ, 79ಬಿ ಕಲಮುಗಳು ರದ್ದು. ಬೇರೆ ಮೂಲದ ವರಮಾನ 25 ಲಕ್ಷಕ್ಕಿಂತ ಹೆಚ್ಚಿದ್ದವನು ಕೃಷಿಭೂಮಿ ಕೊಳ್ಳುವಂತಿಲ್ಲ, ಸ್ವತಃ ಬೇಸಾಯ ಮಾಡದವನು ಭೂಮಿ ಹೊಂದುವಂತಿಲ್ಲ ಎಂಬ ತಡೆಗಳು ಇದ್ದದ್ದು ಆ ಕಲಮುಗಳಲ್ಲಿ. ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯಲ್ಲಿ, 'ಉಳುವವನೇ ಹೊಲದೊಡೆಯ' ಎಂಬ ಮಾತಿನ ಜತೆಗೇ ಬಂದವು ಅವು. ಅವನ್ನು 1974ರ ಮಾರ್ಚ್ 1ರಿಂದಲೇ ಇರಲಿಲ್ಲವೆಂಬಂತೆ ತೆಗೆದುಹಾಕಿದರು.

ಇದರ ಪರವಾಗಿ ಹೇಳುವವರಲ್ಲೂ ಹುರುಳಿದೆ. ಆ ಕಲಮುಗಳ ಹೆಸರಿನಲ್ಲಿ ಕಚೇರಿಗಳಲ್ಲಿ ಕಿರುಕುಳ, ಲಂಚ ನಡೆಯುತ್ತಿತ್ತು. ಓದಿದ ಹುಡುಗರು ಮಣ್ಣಿಗೆ ಬರಲು ಅಡ್ಡಿಯಾಗಿತ್ತು. ಕಷ್ಟಕ್ಕೆ ಹೊಲ ಮಾರುವವನಿಗೆ ಗಿರಾಕಿ ಕಡಿಮೆಯಾಗಿ ಬೆಲೆ ಬೀಳುತ್ತಿತ್ತು ಎನ್ನುತ್ತಾರೆ. ವಿರೋಧಿಸುವವರ ಭಯವೂ ಸುಳ್ಳಲ್ಲ. ದಾವಣಗೆರೆಯ ವಿದ್ಯಾನಗರದಂಥ ಬಡಾವಣೆಗಳ ಅಂಚಿನಲ್ಲಿ ಎರಡೆಕರೆ ಇರುವವನ ಪಕ್ಕದ ಹೊಲ ಬೇಸಾಯ ಗೊತ್ತಿಲ್ಲದವರ ಕೈಗೆ ಹೋದರೆ ಬೇಲಿ ಏಳುತ್ತದೆ, ಬಂಡಿದಾರಿ ಮುಚ್ಚುತ್ತದೆ, ಲಾವಣಿಗೆ ಮಾಡಿಕೊಂಡಿದ್ದವನು ಬೀದಿಗೆ ಬೀಳುತ್ತಾನೆ. ಬೇಸಾಯದ ಬೆಲೆ ಹೋಗಿ ಸೈಟಿನ ಬೆಲೆ ಬಂದ ಮೇಲೆ ರೈತನ ಮಗ ಮತ್ತೊಂದೆಕರೆ ಕೊಳ್ಳುವ ಮಾತೇ ಇಲ್ಲ. ನನ್ನ ಮನಸ್ಸು ಈ ಭಯದ ಕಡೆಗೇ ವಾಲುತ್ತದೆ. ಹಾಗಂತ ನೀವೂ ಒಪ್ಪಲೇಬೇಕು ಅಂತೇನಿಲ್ಲ.

ಕೇಳಬೇಕಾದ್ದು ಇಷ್ಟೇ. ಇಷ್ಟು ದೊಡ್ಡ ವಿಷಯಕ್ಕೆ ತಲೆ ಎಣಿಸಿದರೋ? 2020ರ ಸೆಪ್ಟೆಂಬರ್ 26, ಮೊಟಕಾದ ಅಧಿವೇಶನದ ಕೊನೆಯ ದಿನ. ವಿರೋಧ ಪಕ್ಷದವರ ಕೂಗಾಟದ ನಡುವೆ ಭೂಸುಧಾರಣೆ, ಎಪಿಎಂಸಿ ಎರಡೂ ಮಸೂದೆಗಳು ವಿಧಾನಸಭೆಯಲ್ಲಿ ಧ್ವನಿಮತದಿಂದ ಪಾಸಾದವು. ಧ್ವನಿಮತ ಅಂದರೆ ಗೊತ್ತಲ್ಲ, 'ಹೌದು ಎನ್ನುವವರು ಹೌದು ಎನ್ನಿ, ಇಲ್ಲ ಎನ್ನುವವರು ಇಲ್ಲ ಎನ್ನಿ', ಯಾರ ಸದ್ದು ಜೋರೋ ಅವರದು. ಅದೇ ರಾತ್ರಿ ಸರಕಾರದ ಮೇಲಿನ ಅವಿಶ್ವಾಸವೂ ಧ್ವನಿಮತದಲ್ಲೇ ಬಿತ್ತು. ಕುರ್ಚಿಗೆ ಅಪಾಯ ಇಲ್ಲವೆಂದಾದರೆ ಅದಕ್ಕೂ ಎಣಿಕೆ ಬೇಕಿಲ್ಲ! ಎರಡು ದಿನ ಬಿಟ್ಟು, 28ಕ್ಕೆ, ರೈತ ಸಂಘಟನೆಗಳು ರಾಜ್ಯ ಬಂದ್ ಮಾಡಿದವು. ಮೇಲ್ಮನೆಯ ಒಪ್ಪಿಗೆಯೂ ಸಿಕ್ಕಿ ವರ್ಷದ ಕೊನೆಯ ಹೊತ್ತಿಗೆ ಎರಡೂ ಕಾಯ್ದೆಗಳಾದವು.

ಡಿಸೆಂಬರ್ 9ಕ್ಕೆ ಗೋಹತ್ಯೆ ನಿಷೇಧದ ಮಸೂದೆ ವಿಧಾನಸಭೆಯಲ್ಲಿ ಪಾಸಾದದ್ದೂ ಗದ್ದಲದ ನಡುವೆ ಧ್ವನಿಮತದಲ್ಲೇ. ಮುದಿ ಎತ್ತು, ಗಂಡುಕರು ಸಾಕುವವನಿಗೆ ನೇರ ಸಂಬಂಧಪಟ್ಟ ವಿಷಯ ಅದು. ನೀವು ಅದರ ಪರ ಇರಬಹುದು, ವಿರೋಧ ಇರಬಹುದು. ಯಾವ ಕಡೆ ಇದ್ದರೂ ನಿಮ್ಮ ಶಾಸಕರು ಅವತ್ತು ಏನೆಂದರು ಎಂದು ತೋರಿಸುವ ಹೆಸರಿನ ಪಟ್ಟಿ ನಿಮಗೆ ಸಿಗುವುದಿಲ್ಲ.

ಪಕ್ಷ ಬಿಟ್ಟವರನ್ನು ಮತದಾರ ನೋಡಿ ತೂಗಿದ, ಸರಿ. ಆದರೆ ಹೊಲದ ಕಾಯ್ದೆಗೆ ಕೈ ಎತ್ತಿದವರನ್ನು ಹೇಗೆ ತೂಗುವುದು? ತಕ್ಕಡಿಗೆ ಇಡಲು ಕಲ್ಲೇ ಇಲ್ಲ.

ವಿಪ್ ಇದೆಯಲ್ಲ, ಎಣಿಸಿ ಏನು ಲಾಭ?

ತಿಳಿದವರು ಒಂದು ಪ್ರಶ್ನೆ ಎತ್ತುತ್ತಾರೆ. ಪಕ್ಷ ವಿಪ್ ಕೊಟ್ಟ ಮೇಲೆ ಸದಸ್ಯ ಅದರಂತೆ ಮತ ಹಾಕಲೇಬೇಕು, ಇಲ್ಲದಿದ್ದರೆ ಪಕ್ಷಾಂತರ ಕಾಯ್ದೆಯಲ್ಲಿ ಸ್ಥಾನ ಹೋಗುತ್ತದೆ. ಹಾಗಿರುವಾಗ ಹೆಸರು ಬರೆದು ಏನು ಪ್ರಯೋಜನ?

ಪ್ರಯೋಜನ ಮೂರಿದೆ. ಒಂದು, ಅವತ್ತು ಸದನದಲ್ಲಿ ಇದ್ದರೋ ಇಲ್ಲವೋ ಗೊತ್ತಾಗುತ್ತದೆ. ಕ್ಷೇತ್ರದಲ್ಲಿ 'ನಾನು ರೈತನ ಮಗ' ಎಂದು ಭಾಷಣ ಮಾಡಿ ಮತದ ಹೊತ್ತಿಗೆ ಮೊಗಸಾಲೆಯಲ್ಲಿ ಕಾಫಿ ಕುಡಿಯುವವರು ಸಿಕ್ಕಿಬೀಳುತ್ತಾರೆ. ಎರಡು, ವಿರೋಧಿಸಿ ಹೊರನಡೆದರೆ ಸಾಕು ಎನ್ನುವ ವಿರೋಧ ಪಕ್ಷದವರೂ ಕೂತು 'ಇಲ್ಲ' ಎಂದು ದಾಖಲಿಸಬೇಕಾಗುತ್ತದೆ. ಹೊರನಡೆಯುವುದು ಟಿವಿಗೆ ಚೆಂದ, ಕಡತಕ್ಕೆ ಸೊನ್ನೆ. ಮೂರು, ಹೆಸರು ಬೀಳುತ್ತದೆ ಎಂದು ಗೊತ್ತಿದ್ದರೆ ಪಕ್ಷದ ಒಳಗಿನ ಸಭೆಯಲ್ಲಾದರೂ ಮೊದಲೇ ಬಾಯಿ ತೆರೆಯುತ್ತಾರೆ. ವಿಪ್ಪಿಗೆ ಹೆದರದ ಹದಿನೇಳು ಜನರನ್ನು 2019ರಲ್ಲಿ ನೋಡಿದ್ದೇವೆ. ಅಂಥ ಧೈರ್ಯ ನಮ್ಮ ಹೊಲದ ವಿಷಯಕ್ಕೂ ಸ್ವಲ್ಪ ಬರಲಿ ಎಂದರೆ ತಪ್ಪೇ?

ಇದಕ್ಕೆ ಹೊಸ ಕಾನೂನೇನೂ ಬೇಡ. ಧ್ವನಿಮತದ ತೀರ್ಪು ಒಪ್ಪದ ಸದಸ್ಯರು ಎದ್ದು ನಿಂತು ಮತ ವಿಭಜನೆ ಕೇಳುವ ಪದ್ಧತಿ ಸದನದಲ್ಲಿ ಮೊದಲಿಂದಲೂ ಇದೆ. ಕೇಳುವವರು ಬೇಕು. ಸಮಯ ಇಲ್ಲ ಎಂಬ ನೆಪವೂ ನಿಲ್ಲುವುದಿಲ್ಲ. ವರ್ಷಕ್ಕೆ 60 ದಿನವಾದರೂ ಕೂಡಬೇಕೆಂದು 2005ರಲ್ಲಿ ಕಾಯ್ದೆ ಮಾಡಿಕೊಂಡವರು ಅವರೇ. 15ನೇ ವಿಧಾನಸಭೆ ಯಾವ ವರ್ಷವೂ ಆ ಲೆಕ್ಕ ತುಂಬಲಿಲ್ಲ.

ಮುಂದಿನದ್ದನ್ನೂ ನೋಡಿ. ಕೇಂದ್ರದ ಮೂರು ಕೃಷಿ ಕಾಯ್ದೆಗಳು 2021ರ ನವೆಂಬರಿನಲ್ಲಿ ಸಂಸತ್ತಿನಲ್ಲೇ ರದ್ದಾದವು. ನಮ್ಮ ರಾಜ್ಯದ ತಿದ್ದುಪಡಿಗಳು ಉಳಿದವು. 2023ರಲ್ಲಿ ಬಂದ 16ನೇ ವಿಧಾನಸಭೆ ಜುಲೈನಲ್ಲಿ ಎಪಿಎಂಸಿ ತಿದ್ದುಪಡಿಯನ್ನು ವಾಪಸು ಪಡೆಯುವ ಮಸೂದೆ ಪಾಸು ಮಾಡಿದರೆ, ಮೇಲ್ಮನೆ ಅದನ್ನು ಪರಿಶೀಲನಾ ಸಮಿತಿಗೆ ಕಳಿಸಿತು. ಸರಕಾರ ಬದಲಾದಂತೆ ಕಾಯ್ದೆಯೂ ಹೀಗೆ ಆಕಡೆ ಈಕಡೆ ವಾಲುವಾಗ, ಯಾರು ಯಾವಾಗ ಯಾವ ಕಡೆ ಇದ್ದರು ಎಂಬ ದಾಖಲೆ ಇನ್ನೂ ಹೆಚ್ಚು ಬೇಕು.

ನಾವು ಮಾಡಬಹುದಾದ್ದು

ಭೂಮಿ, ನೀರು, ಮಾರುಕಟ್ಟೆ, ಜಾನುವಾರು, ಈ ನಾಲ್ಕಕ್ಕೆ ಸಂಬಂಧಪಟ್ಟ ಮಸೂದೆ ಬಂದರೆ ಮತ ವಿಭಜನೆ ಕೇಳುತ್ತೀರಾ ಎಂದು ನಿಮ್ಮ ಶಾಸಕರಿಗೆ ಒಂದು ಕಾರ್ಡು ಬರೆಯಿರಿ. ಆಡಳಿತ ಪಕ್ಷದವರಾದರೂ ಬರೆಯಿರಿ, ವಿರೋಧ ಪಕ್ಷದವರಾದರೂ ಬರೆಯಿರಿ. ಗ್ರಾಮಸಭೆಯಲ್ಲಿ, ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಇದನ್ನೇ ಠರಾವು ಮಾಡಿ ಕಳಿಸಿ. ಹಿಂದಿನ ಮಸೂದೆಗಳಲ್ಲಿ ನಿಮ್ಮ ಶಾಸಕರು ಮಾತಾಡಿದ್ದಾರಾ, ಅವತ್ತು ಹಾಜರಿದ್ದರಾ ಎಂದು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ವಿಧಾನಸಭೆಯ ಸಚಿವಾಲಯಕ್ಕೆ ಕೇಳಬಹುದು. ಬಂದ ಉತ್ತರವನ್ನು ಪಂಚಾಯ್ತಿಯ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಸಾಕು, ಭಾಷಣ ಬೇಡ.

ಚುನಾವಣೆ ಬಂದಾಗ ರಸ್ತೆ ಕೇಳುತ್ತೇವೆ, ಸಮುದಾಯ ಭವನ ಕೇಳುತ್ತೇವೆ, ದೇವಸ್ಥಾನಕ್ಕೆ ಶೀಟು ಕೇಳುತ್ತೇವೆ. ಅವೆಲ್ಲ ಇರಲಿ. ಅವುಗಳ ಜತೆ ಈ ಒಂದು ಬೇಡಿಕೆಯನ್ನೂ ಸೇರಿಸಿ: 'ನಮ್ಮ ಹೊಲದ ವಿಷಯ ಬಂದಾಗ ನಿಮ್ಮ ಹೆಸರು ಬರೆಸಿ, ಸ್ವಾಮಿ.' ಇದಕ್ಕೆ ಸರಕಾರದ ಬೊಕ್ಕಸದಿಂದ ಒಂದು ಪೈಸೆಯೂ ಖರ್ಚಾಗುವುದಿಲ್ಲ.