ನೂರೈವತ್ತು ಡಾಲರಿನ ನಂಬಿಕೆ

2025ರ ಆಗಸ್ಟ್‌ನಲ್ಲಿ ಭಾರತದ ಸಂಸತ್ತು ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನಾನಿರುವ ಅಮೆರಿಕದಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. 2024ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ದಾರಿ ಬಿಟ್ಟ ಮೇಲೆ ಕಾಲ್ಶಿ ಎಂಬ ಕಂಪನಿ ಚುನಾವಣೆಯ ಫಲಿತಾಂಶದ ಮೇಲೂ ಬಾಜಿ ಕಟ್ಟಿಸಿಕೊಂಡಿತು. ಜೂಜಿನಿಂದ ಹಾಳಾದ ಮನೆಗಳ ಕಥೆ ಧರ್ಮರಾಯನ ಕಾಲದಿಂದಲೂ ನಮಗೆ ಗೊತ್ತು. ನಿಷೇಧದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಬ್ಬರು ಪರಿಚಿತರು ತಮ್ಮ ನಂಬಿಕೆಯ ಬಲವನ್ನು ಅಳೆದು ನೋಡಲು ಕಟ್ಟುವ ಸಣ್ಣ ಪಂಥವನ್ನೂ ಈ ಚರ್ಚೆ ಜೂಜಿನ ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ಅದು ಬೇರೆಯೆಂದು ನಾನು ಅರಿತದ್ದು ತುಸು ಮುಖಭಂಗವಾದ ಮೇಲೆ.

2022ರ ಕೊನೆಯಲ್ಲಿ ಅಮೆರಿಕಕ್ಕೆ ಆರ್ಥಿಕ ಹಿಂಜರಿತ ಬಂದೇ ಬರುತ್ತದೆಂದು ಎಲ್ಲೆಡೆ ಮಾತು. ಅಕ್ಟೋಬರ್‌ನಲ್ಲಿ ಬ್ಲೂಮ್‌ಬರ್ಗ್ ಅರ್ಥಶಾಸ್ತ್ರಜ್ಞರ ಒಂದು ಮಾದರಿ, ಹನ್ನೆರಡು ತಿಂಗಳೊಳಗೆ ಅದು ಬರುವ ಸಂಭವನೀಯತೆ ಶೇ. 100 ಎಂದೇ ಲೆಕ್ಕ ಕೊಟ್ಟಿತು. ನಾನೂ ನಂಬಿದ್ದೆ. ಹೊಸ ಕೆಲಸದ ಕರೆ ಬಂದಿದ್ದ ಅಕ್ಕನ ಮಗನಿಗೆ, "ಈಗ ಕದಲಬೇಡ, ಹೊಸದಾಗಿ ಸೇರಿದವರನ್ನೇ ಮೊದಲು ಮನೆಗೆ ಕಳಿಸುತ್ತಾರೆ" ಎಂದು ಬುದ್ಧಿ ಹೇಳಿದೆ.

ಅದೇ ವಾರ ಹಿರಿಯ ಮಿತ್ರರೊಬ್ಬರ ಮನೆಯ ಊಟದಲ್ಲಿ ಇದೇ ಮಾತನ್ನಾಡಿದಾಗ ಅವರು, "2023 ಮುಗಿಯುವುದರೊಳಗೆ ಬರುತ್ತದೆಂದು ಪಂಥ ಕಟ್ಟುತ್ತೀರಾ?" ಎಂದರು. ಹೂಂ ಎಂದೆ. "ಬಂತೆಂದು ತೀರ್ಪು ಹೇಳುವವರು ಯಾರು?" ಅಲ್ಲಿಯೇ ತಡವರಿಸಿದೆ. ಆ ವರ್ಷದ ಮೊದಲೆರಡು ತ್ರೈಮಾಸಿಕಗಳಲ್ಲಿ ಜಿಡಿಪಿ ಕುಗ್ಗಿದೆಯೆಂದು ಆಗಿನ ಅಂಕಿಅಂಶಗಳು ಹೇಳುತ್ತಿದ್ದವು; ಪತ್ರಿಕೆಗಳ ರೂಢಿಯ ಪ್ರಕಾರ ಅದೇ ಹಿಂಜರಿತ. ಅದನ್ನು ನಿರ್ಣಯಿಸುವ ಎನ್‌ಬಿಇಆರ್ ಸಂಸ್ಥೆ ಹಾಗೆಂದಿರಲಿಲ್ಲ. ಇಷ್ಟು ದಿನ ನಾನು ನಂಬಿದ್ದಾದರೂ ಯಾವುದನ್ನು? ಕೊನೆಗೆ ಆ ಸಂಸ್ಥೆಯ ಮಾತೇ ತೀರ್ಪೆಂದು ಕಾಗದದಲ್ಲಿ ಬರೆದೆವು. (ಉಚ್ಚೈಶ್ರವಸ್ಸಿನ ಬಾಲದ ಬಣ್ಣ ನೋಡಲು ಮೂರನೆಯವರೊಬ್ಬರಿದ್ದಿದ್ದರೆ ವಿನತೆ ಕದ್ರುವಿನ ದಾಸಿಯಾಗುತ್ತಿರಲಿಲ್ಲ.)

ಆಮೇಲೆ ಅವರು, "ಖಚಿತವಿದ್ದರೆ ನೀವು ಒಂಬೈನೂರು ಡಾಲರ್ ಇಡಿ, ನಾನು ನೂರು ಇಡುತ್ತೇನೆ" ಎಂದರು. ದೇಶಕ್ಕಿಂತ ಮೊದಲು ಹಿಂಜರಿದವನು ನಾನು. ಇಳಿಸುತ್ತ ಇಳಿಸುತ್ತ ಒಪ್ಪಿದ್ದು ಅವರ ನೂರಕ್ಕೆ ನನ್ನ ನೂರೈವತ್ತು. ಅಂದರೆ ನನ್ನ 'ಬಂದೇ ಬರುತ್ತದೆ'ಯ ತೂಕ ನೂರಕ್ಕೆ ಅರವತ್ತು.

ಕೇಂಬ್ರಿಜ್‌ನ ಫ್ರಾಂಕ್ ರಾಮ್ಸೆ 1926ರಲ್ಲಿ ಬರೆದ ಪ್ರಬಂಧದಲ್ಲಿ, ನಂಬಿಕೆಯನ್ನು ಅಳೆಯುವ ಈ ಹಳೆಯ ವಿಧಾನ ಮೂಲತಃ ಸರಿಯಾದದ್ದೇ, ಆದರೆ ಒರಟಾದದ್ದು ಎಂದಿದ್ದ: ಹಣದ ಬೆಲೆ ಎಲ್ಲರಿಗೂ ಒಂದೇ ಅಲ್ಲ, ಪಂಥದ ಚಪಲವಾಗಲಿ ಸಂಕೋಚವಾಗಲಿ ಅಳತೆಯನ್ನು ಕೆಡಿಸುತ್ತದೆ. ಮೊತ್ತ ದೊಡ್ಡದಾಗಿ, ನೋಡುವವರೂ ಹೆಚ್ಚಿದರಂತೂ ಅಳತೆಯೇ ಮರೆತುಹೋಗುತ್ತದೆ. 2023ರ ಮಾರ್ಚ್‌ನಲ್ಲಿ ಹೂಡಿಕೆದಾರ ಬಾಲಾಜಿ ಶ್ರೀನಿವಾಸನ್, ಬಿಟ್‌ಕಾಯಿನ್ 90 ದಿನಗಳಲ್ಲಿ 10 ಲಕ್ಷ ಡಾಲರ್ ಮುಟ್ಟುತ್ತದೆಂದು ಅಷ್ಟೇ ಮೊತ್ತವನ್ನು ಪಣವಾಗಿಟ್ಟರು. ಆಗ ಅದರ ಬೆಲೆ 30 ಸಾವಿರವೂ ಇರಲಿಲ್ಲ. ಮೇ ತಿಂಗಳಿನಲ್ಲೇ ಸೋಲೊಪ್ಪಿ 15 ಲಕ್ಷ ಕೊಟ್ಟರು; ಸರ್ಕಾರ ಹಣ ಮುದ್ರಿಸುತ್ತಿರುವುದನ್ನು ಜನರಿಗೆ ತಿಳಿಸಲು ಇಷ್ಟನ್ನು ಸುಟ್ಟೆನೆಂಬ ಅರ್ಥದಲ್ಲಿ ಮಾತನಾಡಿದರು. ಅದು ಡಂಗುರವೇ ಹೊರತು ನಂಬಿಕೆಯ ಅಳತೆಯಲ್ಲ.

ಹಿಂಜರಿತ ಬರಲಿಲ್ಲ. 2023ರಲ್ಲಿ ಅಮೆರಿಕದ ಆರ್ಥಿಕತೆ ಬೆಳೆಯಿತು, ನಿರುದ್ಯೋಗ ವರ್ಷಪೂರ್ತಿ ಶೇ. 4ರೊಳಗೇ ಇತ್ತು. ಮುಂದಿನ ಸಂಕ್ರಾಂತಿಯ ಹೊತ್ತಿಗೆ ನೂರೈವತ್ತು ಡಾಲರ್ ತಲುಪಿಸಿದೆ. ಅದು ದೊಡ್ಡ ಮಾತಲ್ಲ. ಪಂಥ ಕಟ್ಟಿದ ಆ ರಾತ್ರಿ, ಅಕ್ಕನ ಮಗ ಕಂಪನಿಗೆ ಉತ್ತರ ಕೊಡಲು ಇನ್ನೂ ಎರಡು ದಿನವಿತ್ತು. ಒಂದು ಫೋನ್ ಮಾಡಿ ನನ್ನ ಖಚಿತತೆ ಅರವತ್ತಕ್ಕೆ ಇಳಿದಿದೆಯೆಂದು ಹೇಳಬಹುದಿತ್ತು. ಹೇಳಲಿಲ್ಲ. ಒಂಬೈನೂರು ಡಾಲರ್ ಇಡಲು ಮನಸ್ಸೊಪ್ಪದ ನಂಬಿಕೆಯ ಮೇಲೆ ಅವನ ಕೆಲಸವನ್ನು ಇಟ್ಟಿದ್ದೆ.

ಆ ಯುಗಾದಿಗೆ ಮನೆಗೆ ಬಂದಾಗ ಎಲ್ಲವನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮ, ಅರವತ್ತು ಅಂದಿದ್ದರೆ ನಾನು ಹೋಗುತ್ತಿದ್ದೆ" ಎಂದ.